ಅರ್ಧ ಕಿಲೋ ಜಾಗ

ದೆವ್ವ, ಆತ್ಮ, ಮುನ್ಸೂಚನೆ ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹೊಟ್ಟೆ ತುಂಬಿ ಕೆಲಸವಿಲ್ಲದವರಿಗೆ ಇಂಥವು ಕಾಣಿಸುತ್ತವೆ ಎಂದೇ ತಿಳಿದಿದ್ದೆ. ಈಗಲೂ ಮುಕ್ಕಾಲು ಪಾಲು ಅದೇ ಅಭಿಪ್ರಾಯ. ಉಳಿದ ಕಾಲು ಪಾಲು ಬಗೆಹರಿಯದ ಕಾರಣ ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ಕೇಳುತ್ತಿಲ್ಲ. ಕೇಳಿದ್ದನ್ನೆಲ್ಲ ನಂಬುವವರು ನನ್ನ ಅಂಗಡಿಗೆ ಬಂದರೆ ಕಂಬಳಿಯ ಬೆಲೆಯನ್ನು ನಾನೇ ಏರಿಸಿ ಹೇಳುತ್ತೇನೆ.

ಅಂಗಡಿ ಇರುವುದು ದುಬೈಯ ಮುಹೈಸ್ನಾದಲ್ಲಿ, ಕಾರ್ಮಿಕರ ಕ್ಯಾಂಪುಗಳ ನಡುವೆ. ಊರಿಗೆ ಹೊರಟವರಿಗೆ ಬೇಕಾದ ಸೂಟ್‌ಕೇಸು, ಕಂಬಳಿ, ಕಾರ್ಟನ್, ಹಗ್ಗ ನನ್ನಲ್ಲಿ ಸಿಗುತ್ತವೆ. ಕಾರ್ಟನ್ ಕಟ್ಟಿ, ಹಗ್ಗ ಬಿಗಿದು, ನಾಲ್ಕೂ ಬದಿಗೆ ಹೆಸರು ಬರೆದು ಕೊಡುತ್ತೇವೆ. ಬರಿಗೈಯಲ್ಲಿ ಬಂದವನು ನಾನು. ಇಷ್ಟು ವರ್ಷ ಜನರ ಸಾಮಾನು ಎತ್ತಿ ಎತ್ತಿ, ಹಿಡಿಕೆಯನ್ನು ಒಂದು ಗೇಣು ಮೇಲೆತ್ತಿದರೆ ಸಾಕು, ತೂಕ ಹೇಳಬಲ್ಲೆ. ತಕ್ಕಡಿ ಇಟ್ಟಿರುವುದು ಗಿರಾಕಿಯ ಸಮಾಧಾನಕ್ಕೆ.

ಗಲ್ಫಿನಲ್ಲಿ ಇದ್ದವರಿಗೆ ಒಂದು ಪದ್ಧತಿ ಗೊತ್ತಿದೆ. ನೀವು ಊರಿಗೆ ಹೊರಟಿರಿ ಎಂದು ಸುದ್ದಿಯಾದರೆ ಸಾಕು, ಮಾತೇ ಆಡದಿದ್ದವರೂ ‘ಒಂದು ಸಣ್ಣ ಪೊಟ್ಟಣ’ ಹಿಡಿದುಕೊಂಡು ಬರುತ್ತಾರೆ. ಅದಕ್ಕೊಂದು ಉತ್ತರವೂ ಇದೆ: ವೆಯ್ಟ್ ಫುಲ್. ಎಲ್ಲರೂ ಹೇಳುವ, ಯಾರೂ ನಂಬದ, ಆದರೂ ಯಾರೂ ಎದುರಾಡದ ಸುಳ್ಳು ಅದು. ಬೇರೆಯವರ ಪೊಟ್ಟಣ ಹೊರಬೇಡಿ ಎಂದು ಇಲ್ಲಿಗೆ ಹೊಸದಾಗಿ ಬಂದವರಿಗೆಲ್ಲ ನಾನು ಪುಕ್ಕಟೆ ಸಲಹೆ ಕೊಡುತ್ತ ಬಂದಿದ್ದೇನೆ. ನಿಮಗೂ ಕೊಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತೆಂದು ಮಗ ನಮ್ಮಿಬ್ಬರಿಗೂ ಒಂದು ಪ್ರವಾಸ ಬುಕ್ ಮಾಡಿದ. ಅವನಿರುವುದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಮೂವತ್ತನೇ ಮಹಡಿಯಲ್ಲಿ. ಅಷ್ಟು ಎತ್ತರದಿಂದ ನೋಡಿದರೆ ಎಲ್ಲವೂ ಚಂದವೇ. ಮೆಕ್ಸಿಕೋ, ಬೆಲೀಜ್, ಗ್ವಾಟೆಮಾಲಾ ದಾಟಿ, ಪ್ರಾಚೀನ ಮಾಯಾ ಜನರ ನಾಡಿನಲ್ಲಿ ಎರಡು ವಾರ ವ್ಯಾನಿನ ಪ್ರಯಾಣ. “ಡ್ಯಾಡ್, ಇಟ್ಸ್ ಅ ಸ್ಮಾಲ್ ಗ್ರೂಪ್” ಎಂದು ದೊಡ್ಡ ಉಪಕಾರದ ಹಾಗೆ ಹೇಳಿದ. ಸಣ್ಣ ಗುಂಪು ಎಂದರೆ ದೊಡ್ಡ ಬಸ್ಸಿನ ಬೆಲೆಗೆ ಸಣ್ಣ ವ್ಯಾನು ಎಂದರ್ಥ, ನೆನಪಿಟ್ಟುಕೊಳ್ಳಿ. ನನ್ನ ಹೆಂಡತಿ ಲೀನಾ ಆಸ್ಪತ್ರೆಯಲ್ಲಿ ನರ್ಸ್. ಅವಳ ರಜೆ ಕೊನೆಯ ವಾರದಲ್ಲಿ ರದ್ದಾಯಿತು. ಟಿಕೆಟ್ಟಿನ ಹಣ ವಾಪಸ್ ಇಲ್ಲವೆಂದರು. ಕೊಟ್ಟ ಹಣವನ್ನು ಹಾಳು ಮಾಡುವುದು ನನ್ನ ರಕ್ತದಲ್ಲಿಲ್ಲ, ಒಬ್ಬನೇ ಹೊರಟೆ. ಸೂಟ್‌ಕೇಸು ತುಂಬಿಸಿದವಳು ಲೀನಾ. ನಾಲ್ಕು ಕಿಲೋ ಜಾಗವನ್ನು ಖಾಲಿ ಬಿಡಿಸಿದವನು ನಾನು. ಸಂತೆಯಲ್ಲಿ ಏನಾದರೂ ಅಗ್ಗಕ್ಕೆ ಸಿಕ್ಕೀತು ಎಂಬ ಯೋಚನೆ.

ಹೊರಡುವ ಹಿಂದಿನ ಮಧ್ಯಾಹ್ನ, ಊಟದ ಹೊತ್ತು, ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಲವತ್ತರ ಆಸುಪಾಸಿನ ಒಬ್ಬ ಬಂದ. ನೀಲಿ ಅಂಗಿ, ಕಂಕುಳಲ್ಲಿ, ಹೆಗಲಿಗೆ ಹಾಕುವ ಬೈರಾಸಿನಲ್ಲಿ ಕಟ್ಟಿದ ಗಂಟು. ಮಾತು ಕೇಳಿದರೆ ನಮ್ಮ ಕರಾವಳಿಯವನೇ. ನಮ್ಮಂಥ ಕ್ರೈಸ್ತರನ್ನು ಅಲ್ಲಿಯವರು ಕರೆಯುವ ಹಾಗೆಯೇ ಕರೆದ.

“ಪೊರ್ಬುಗಳೇ, ನೀವು ಆ ಕಡೆ ಹೋಗುವುದಲ್ವಾ? ಇದೊಂದು ಕೊಡ್ಲಿಕ್ಕುಂಟು.”

ಕೇಳುವ ಮೊದಲೇ ಗಂಟು ಬಿಚ್ಚಿ ತೋರಿಸಿದ. ನಿಂತುಹೋದ ಒಂದು ಕೈಗಡಿಯಾರ, ಒಂದು ಅಂಗಿ, ಹಡಗಿನ ಮೇಲೆ ನಿಂತ ಹುಡುಗನ ಫೋಟೋ. ತಾವಿಬ್ಬರೂ ಒಂದೇ ಹಡಗಿನಲ್ಲಿ ಕೆಲಸಕ್ಕಿದ್ದರಂತೆ. ಹುಡುಗ ನಾನು ಹೊರಟಿದ್ದ ಆ ನಾಡಿನವನು, ಈಗಿಲ್ಲ. ಅವನ ತಾಯಿ ಅವನ ಸಾಮಾನಿಗಾಗಿ ಕಾಯುತ್ತಿದ್ದಾರೆ, ಬೇರೇನೂ ಅವರಿಗೆ ತಲುಪಿಲ್ಲ ಎಂದ.

ನನಗೆ ನಗು ಬಂತು. “ಎಲ್ಲಿ ಅಂತ ಕೊಡುವುದು ಮಾರಾಯ? ಅದೇನು ಬಂಟ್ವಾಳ ಪೇಟೆಯಾ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ರೆ ಮನೆ ತೋರಿಸ್ಲಿಕ್ಕೆ?”

“ಕೇಳ್ಲಿಕ್ಕಿಲ್ಲ. ನೀಲಿ ಬಾಗಿಲಿನ ಒಂದು ಇಗರ್ಜಿ ಉಂಟು. ಅದರ ಎದುರು ನಿಮ್ಮ ಗಾಡಿ ನಿಲ್ತದೆ. ಅವರೇ ಬರ್ತಾರೆ.”

ಬಿಸಿಲಿಗೆ ತಲೆ ಕೆಟ್ಟವರನ್ನು ಈ ದೇಶದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಂಥವರೊಡನೆ ವಾದಿಸಬಾರದು. ವೆಯ್ಟ್ ಫುಲ್ ಎಂದೆ. ತಕ್ಕಡಿಯ ಕಡೆಗೆ ಕೈ ಕೂಡ ತೋರಿಸಿದೆ. ಇದು ಅರ್ಧ ಕಿಲೋ ಸಹ ಇಲ್ಲ ಎಂದ. ಅರ್ಧ ಗ್ರಾಂಗೂ ಜಾಗವಿಲ್ಲ, ಖಲಾಸ್ ಎಂದೆ. ಅವನು ಸಿಟ್ಟಾಗಲಿಲ್ಲ. ಗಂಟನ್ನು ನಿಧಾನವಾಗಿ ಮತ್ತೆ ಕಟ್ಟಿದ.

“ಆಯ್ತು ಪೊರ್ಬುಗಳೇ. ಜಾಗ ಇರ್ಲಿಲ್ಲ ಅಂತ ನೀವೇ ಅವರಿಗೆ ಹೇಳಿ.”

ಹೋದ. ನಾನು ಕ್ಯಾಲ್ಕುಲೇಟರ್ ಒತ್ತುತ್ತ ಕುಳಿತೆ.

ಪ್ರವಾಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ; ಬರೆಯುವಂಥದ್ದೂ ಅಲ್ಲ. ಹನ್ನೊಂದು ಜನ. ಮನೆಯಲ್ಲಿ ಲೋಟ ತೊಳೆಯದವರು ಕಾಡಿನ ಸೊಳ್ಳೆಯಿಂದ ಕಚ್ಚಿಸಿಕೊಂಡು ಜ್ಞಾನೋದಯವಾಯಿತೆಂದು ಹೇಳುತ್ತಿದ್ದರು. ದಿನಕ್ಕೊಂದು ಕಲ್ಲಿನ ಗೋಪುರ. ಮೂರನೆಯದು ಮುಗಿಯುವಷ್ಟರಲ್ಲಿ ನನಗೆ ಮೆಟ್ಟಿಲು ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಸಂತೆಗಳಲ್ಲಿ ಮಾತ್ರ ಜೀವ ಬಂತು. ಭಾಷೆ ಬರುವುದಿಲ್ಲವೇ? ಒಳ್ಳೆಯದೇ ಆಯಿತು, ನಿಮ್ಮ ಕನಿಕರ ಕರಗುವುದಿಲ್ಲ. ಬೇಕಾದ ವಸ್ತುವನ್ನು ಕೈಯಲ್ಲಿ ಹಿಡಿಯಬೇಡಿ, ಪಕ್ಕದ್ದನ್ನು ಹಿಡಿಯಿರಿ. ಹೀಗೆ ಮಾಡಿ ಎರಡು ಮರದ ಮುಖವಾಡಗಳನ್ನು ಕೇಳಿದ ಬೆಲೆಯ ಕಾಲು ಭಾಗಕ್ಕೆ ತಂದೆ. ಉಳಿದವರು ನನ್ನನ್ನು ಕಟುಕನಂತೆ ನೋಡಿದರು. ಅವರು ಕೊಂಡದ್ದೂ ಅದೇ ಮುಖವಾಡ, ಪೂರ್ತಿ ಬೆಲೆಗೆ.

ಗ್ವಾಟೆಮಾಲಾದಲ್ಲಿ ಎರಡನೆಯ ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಸೇತುವೆ ದುರಸ್ತಿಯೆಂದು ಡ್ರೈವರ್ ಒಳದಾರಿ ಹಿಡಿದ. ಒಂದು ಹಳ್ಳಿಯ ನಡುವೆ ಟೈರು ಒಡೆಯಿತು. ಬದಲಿ ಚಕ್ರ ಸಾಮಾನಿನ ಅಡಿಯಲ್ಲಿತ್ತು. ನಮ್ಮ ಸೂಟ್‌ಕೇಸುಗಳನ್ನೆಲ್ಲ ಇಳಿಸಿ ರಸ್ತೆ ಬದಿಗೆ ಸಾಲಾಗಿ ಇಟ್ಟರು. ಬೆವರು ಒರೆಸಿ ತಲೆ ಎತ್ತಿದೆ. ಎದುರಿಗೆ ಸುಣ್ಣ ಬಳಿದ ಇಗರ್ಜಿ, ತುದಿಯಲ್ಲಿ ಶಿಲುಬೆ. ಬಾಗಿಲು ನೀಲಿ.

ಆ ನಾಡಿನಲ್ಲಿ ನೀಲಿ ಬಾಗಿಲಿನ ಇಗರ್ಜಿ ನೂರು ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಿರುವಾಗಲೇ ಒಬ್ಬ ಮುದುಕಿ ಮೆಟ್ಟಿಲಿಳಿದು ಬಂದಳು. ಗಿಡ್ಡ ಆಳು, ಹೆಣೆದ ಬಿಳಿ ಜಡೆ. ಹನ್ನೊಂದು ಜನರಲ್ಲಿ ಹತ್ತು ಜನರನ್ನು ದಾಟಿ ನನ್ನ ಮುಂದೆ ನಿಂತಳು. ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಸುತ್ತಿ ಹಿಡಿದು ತೋರಿಸಿದಳು, ಗಡಿಯಾರ ಕಟ್ಟುವ ಜಾಗ. ಏನೋ ಕೇಳಿದಳು.

ಗೈಡ್ ಬಂದು ಅರ್ಥ ಹೇಳಿದ. ಮಗ ಹಡಗಿಗೆ ಹೋಗಿದ್ದನಂತೆ. ಅವನ ಸಾಮಾನು ಈ ದಿನ ಬರುತ್ತದಂತೆ. ನೀವು ತಂದಿದ್ದೀರಾ ಎಂದು ಕೇಳುತ್ತಿದ್ದಾಳೆ. ಈಕೆಗೆ ಇದನ್ನು ಹೇಳಿದವರು ಯಾರು ಎಂದು ಕೇಳು ಎಂದೆ. ಅವನು ಕೇಳಿದ. ಅವಳು ಒಂದೇ ಪದದಲ್ಲಿ ಉತ್ತರಿಸಿದಳು. “ಮಗ, ಅಂತಿದ್ದಾಳೆ” ಎಂದು ಗೈಡ್ ಹೆಗಲು ಕುಣಿಸಿ ನಕ್ಕ.

ಸತ್ಯ ಹೇಳಲು ಅರ್ಧ ನಿಮಿಷ ಸಾಕಿತ್ತು. ಹೀಗೊಬ್ಬ ಬಂದಿದ್ದ, ನಾನು ತರಲಿಲ್ಲ, ಕ್ಷಮಿಸಿ ಎಂದು. “ಅವಳಿಗೆ ಆಳು ತಪ್ಪಿದೆ ಎಂದು ಹೇಳು” ಎಂದೆ. ಅವನು ಹೇಳಿದ.

ಅವಳು ನನ್ನ ಮುಖ ನೋಡಲಿಲ್ಲ. ಸಾಲಿನಲ್ಲಿದ್ದ ಸೂಟ್‌ಕೇಸುಗಳ ಕಡೆ ನಡೆದು, ನೇರವಾಗಿ ನನ್ನದರ ಹಿಡಿಕೆ ಹಿಡಿದು, ಒಂದು ಗೇಣು ಮೇಲೆತ್ತಿದಳು. ಕ್ಷಣ ಹೊತ್ತು ಹಾಗೆಯೇ ಹಿಡಿದಿದ್ದಳು. ನಾನು ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಮಾಡುವ ಕೆಲಸ ಅದು. ಅದರಿಂದ ಏನು ತಿಳಿಯುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಖವಾಡ ಎರಡೂ ಸೇರಿ ಒಂದೂವರೆ ಕಿಲೋ. ಇನ್ನೂ ಎರಡೂವರೆ ಖಾಲಿ ಇತ್ತು. ಸೂಟ್‌ಕೇಸನ್ನು ಸದ್ದಾಗದಂತೆ ಕೆಳಗಿಟ್ಟು, ಮೆಟ್ಟಿಲು ಹತ್ತಿ ಹೋದಳು. ಹಿಂದಿರುಗಿ ನೋಡಲಿಲ್ಲ.

ದುಬೈಗೆ ಬಂದವನು ಮೊದಲು ಮಾಡಿದ ಕೆಲಸ, ಅಂಗಡಿಯ ಕ್ಯಾಮೆರಾ ನೋಡಿದ್ದು. ಒಂದು ತಿಂಗಳ ದೃಶ್ಯ ಅದರಲ್ಲಿ ಉಳಿಯುತ್ತದೆ. ಆ ಮಧ್ಯಾಹ್ನದ್ದೂ ಇತ್ತು. ನಾನು ನಗುತ್ತೇನೆ, ತಲೆ ಅಲ್ಲಾಡಿಸುತ್ತೇನೆ, ತಕ್ಕಡಿಯ ಕಡೆ ಕೈ ತೋರಿಸುತ್ತೇನೆ. ಎದುರಿಗೆ ನಿಂತವನ ಜಾಗಕ್ಕೆ ಮಾತ್ರ ಕಂಬಳಿಗಳ ರಾಶಿ ಅಡ್ಡ. ಆ ರಾಶಿಯನ್ನು ಅಲ್ಲಿ ಪೇರಿಸಿದವನೂ ನಾನೇ. ಸುತ್ತಲಿನ ಕ್ಯಾಂಪುಗಳಲ್ಲಿ ಕರಾವಳಿಯವರನ್ನೆಲ್ಲ ಕೇಳಿದೆ. ಹಡಗಿನಲ್ಲಿ ಇದ್ದವನು, ನೀಲಿ ಅಂಗಿಯವನು, ಯಾರಿಗೂ ಗೊತ್ತಿಲ್ಲ. ನಾನು ಪ್ರವಾಸ ಹೊರಟ ಸುದ್ದಿ ಅವನಿಗೆ ಸಿಕ್ಕಿರಬಹುದು. ನಾನೇ ಎಲ್ಲರೆದುರು ಮಗನನ್ನು ಬೈದುಕೊಂಡಿದ್ದೆ. ಆದರೆ ಒಡೆಯಬೇಕಾದ ಟೈರಿನ ಸುದ್ದಿ ಯಾರು ಕೊಟ್ಟರು? ಕಾಕತಾಳೀಯ ಎಂದ ಮಗ, ಅದೂ ಇಂಗ್ಲಿಷಿನಲ್ಲಿ. ಓದಿದವರಿಗೆ ಎಲ್ಲದಕ್ಕೂ ಒಂದು ಪದ ಇರುತ್ತದೆ.

ಲೀನಾಳಿಗೆ ಪೂರ್ತಿ ಹೇಳಿದೆ. ಅವಳು ಅಚ್ಚರಿಪಡಲಿಲ್ಲ, ಶಿಲುಬೆಯ ಗುರುತೂ ಮಾಡಲಿಲ್ಲ. ಬಟ್ಟೆ ಮಡಚುತ್ತಿದ್ದವಳು ಒಂದೇ ಮಾತು ಕೇಳಿದಳು.

“ನಾಲ್ಕು ಕಿಲೋ ಜಾಗ ಇತ್ತಲ್ವಾ?”

ಬೇರೆಯವರ ಪೊಟ್ಟಣ ಹೊರಬೇಡಿ ಎಂಬ ಸಲಹೆಯನ್ನು ಈಗಲೂ ಕೊಡುತ್ತೇನೆ, ಸರಿಯಾದ ಸಲಹೆ. ಕಂಬಳಿಗಳ ರಾಶಿಯನ್ನು ಮಾತ್ರ ಬೇರೆ ಮೂಲೆಗೆ ಸರಿಸಿದ್ದೇನೆ. ಊರಿಗೆ ಹೊರಡುವಾಗ ನನ್ನ ಸೂಟ್‌ಕೇಸಿನಲ್ಲಿ, ಬಟ್ಟೆಗಳ ಮೇಲೆ, ಒಂದು ಬೈರಾಸಿನ ಗಂಟು ಹಿಡಿಸುವಷ್ಟು ಜಾಗ ಬಿಡುತ್ತೇನೆ. ಹಿಂದಿನ ಮಧ್ಯಾಹ್ನ ಊಟಕ್ಕೆ ಹೋಗದೆ ಅಂಗಡಿಯಲ್ಲೇ ಕುಳಿತಿರುತ್ತೇನೆ. ಈವರೆಗೆ ಯಾರೂ ಬಂದಿಲ್ಲ.