ಕಲಾಯಿ ಹೋದ ಕೆಟ್ಲು

ಬಂಗಾರಪೇಟೆ ಸ್ಟೇಷನ್ನಿನ ಹೊರಗೆ, ಎತ್ತಿನ ಗಾಡಿಗಳು ನಿಲ್ಲುವ ಕಡೆ ನಮ್ಮ ಅತ್ತೆ ಟೀ ಕಾಯಿಸಿ ಮಾರುತ್ತಿದ್ದರು. ನಾನು ಸೊಸೆಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ಮಾವ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದು ಕೊರೆದು ಎದೆ ಕೆಡಿಸಿಕೊಂಡು ಮನೆ ಸೇರಿದ್ದರು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ. ಅವರ ಸ್ಥಿತಿ ಕಂಡ ಮೇಲೆಯೇ ಅತ್ತೆ ಈ ವ್ಯಾಪಾರಕ್ಕೆ ಇಳಿದದ್ದು. ಮಗ ಗಣಿಗೆ ಇಳಿಯಬಾರದು, ಅಷ್ಟೇ ಅವರ ಹಟ. ನಮ್ಮ ಯಜಮಾನರು ನೀರು ಸೇದಿ, ಸೌದೆ ಒಡೆದು, ಲೋಟ ತೊಳೆದುಕೊಂಡು ಅಮ್ಮನ ಜೊತೆಗೇ ಇದ್ದರು.

ಕೆಟ್ಲು ತಾಮ್ರದ್ದು, ಕೊಡದಷ್ಟು ದೊಡ್ಡದು. ನಮ್ಮ ಬಾವಿಯ ನೀರು ಬೇಳೆ ಬೇಯಿಸದಂಥ ಗಡಸು ನೀರು. ಕಾದು ಕಾದು ಕೆಟ್ಲಿನೊಳಗೆ ಬಿಳಿ ಹಕ್ಕಳೆ ಪದರಪದರವಾಗಿ ಕಟ್ಟಿತ್ತು. ಅದರ ಮೇಲೆ ಅಲ್ಲಲ್ಲಿ ಟೀ ಕರೆ. ಒಮ್ಮೊಮ್ಮೆ ಅದರ ಚೂರು ಕಳಚಿ ಗಿರಾಕಿಯ ಲೋಟಕ್ಕೆ ಬೀಳುತ್ತಿತ್ತು.

ಬೇತಮಂಗಲದ ಗಾಡಿಯವನೊಬ್ಬ ಒಂದು ದಿನ ಲೋಟ ಎತ್ತಿ ಎಲ್ಲರಿಗೂ ತೋರಿಸಿದ. “ಅಕ್ಕಾ, ಸುಣ್ಣ ನೀನೇ ಆಕಿದ್ದೀಯ, ಎಲೆ ಅಡಿಕೇನೂ ಕೊಟ್ಬುಡು. ಎಲ್ಲಾ ಒಂದೇ ಕಿತ ಆಗೋಗ್ಲಿ.”

“ಬಾಯಿ ಕೆಂಪಾಗ್ಬೇಕೇನ್ಲಾ? ಇತ್ತ ಬಾ, ಸೌಟಲ್ಲಿ ಒಂದು ಬಿಡ್ತೀನಿ” ಎಂದರು ಅತ್ತೆ. ಗಾಡಿಯವರೆಲ್ಲ ನಕ್ಕರು. ಅತ್ತೆಯೂ ನಕ್ಕರು. ಆದರೆ ಆ ಮಧ್ಯಾಹ್ನ ಒಲೆ ಬೇಗ ಆರಿಸಿ, ಕೆಟ್ಲನ್ನು ಮನೆಗೆ ಹೊರಿಸಿಕೊಂಡು ಬಂದರು.

ಹಳೇ ಹುಣಸೆಹಣ್ಣು ಕಿವುಚಿ, ನೀರು ತುಂಬಿ ಕುದಿಸಿದರು. ಹಕ್ಕಳೆ ಬುರುಬುರು ನೊರೆ ಬಿಟ್ಟು ಮೆತ್ತಗಾಯಿತು. ಆಮೇಲೆ ಹಬ್ಬಕ್ಕೆ ದೇವರ ಸಾಮಾನು ಬೆಳಗುವ ಹಾಗೆ ತೆಂಗಿನ ನಾರಿಗೆ ಬೂದಿ, ಇಟ್ಟಿಗೆ ಪುಡಿ ಹಚ್ಚಿ, ಮೊಣಕೈವರೆಗೆ ಕೈ ಇಳಿಸಿ ಉಜ್ಜಿದರು. ಪದರ ಎದ್ದು ಬಂದಂತೆಲ್ಲ ಅವರಿಗೆ ಹುರುಪು. ತೊಳೆದು ಬಿಸಿಲಿಗೆ ಹಿಡಿದಾಗ ಒಳಗೆಲ್ಲ ಕೆಂಪಗೆ ಝಗ್ಗೆಂದಿತು.

“ನೋಡೇ, ಮದ್ವೆ ಎಣ್ಣಂಗೈತೆ!”

ಒಳಗೆ ಕೆಂಪು ಕಾಣಬಾರದಿತ್ತು. ತಾಮ್ರದ ಪಾತ್ರೆಯೊಳಗೆ ತವರದ ಕಲಾಯಿ ಇರಬೇಕು, ಇಲ್ಲದಿದ್ದರೆ ಕಿಲುಬು ಬಿಟ್ಟು ಕುದಿಸಿದ್ದೇ ವಿಷ. ಆ ಕೆಟ್ಲಿಗೆ ಕಲಾಯಿ ಹಾಕಿಸಿ ಎಷ್ಟೋ ವರ್ಷವಾಗಿತ್ತು. ಬಿಳುಪನ್ನೇ ನೋಡಿ ನೋಡಿ, ಕಲಾಯಿ ಯಾವುದು ಸುಣ್ಣ ಯಾವುದು ಎಂಬುದು ನಮ್ಮ ಮನೆಯವರ ಕಣ್ಣಿಗೆ ಒಂದೇ ಆಗಿಹೋಗಿತ್ತು. ಹಕ್ಕಳೆಯ ಅಡಿಯಲ್ಲಿ ಉಳಿದಿದ್ದ ತೆಳು ಕಲಾಯಿಯೂ ಆ ದಿನ ಬಚ್ಚಲು ಸೇರಿತು.

ಸಕ್ಕರೆ ಸಿಗದೆ ಬೆಲ್ಲದ ಟೀ ಮಾಡುತ್ತಿದ್ದ ಕಾಲ, ಬೆಲ್ಲದ ಹುಳಿಗೆ ತಾಮ್ರ ಇನ್ನೂ ಬೇಗ ಬಿಡುತ್ತದೆ. ಮಾರನೆಯ ಬೆಳಿಗ್ಗೆ ಅದೇ ಗಾಡಿಯವನು ಮೊದಲ ಗುಟುಕನ್ನೇ ಉಗಿದ. “ಥೂ! ನಾಲಿಗೆ ಮ್ಯಾಲೆ ತಾಮ್ರದ ಕಾಸು ಇಕ್ಕಂಡಂಗೈತೆ.” ಈ ಸಲ ಯಾರೂ ನಗಲಿಲ್ಲ. ಕುಡಿದವರಲ್ಲಿ ಇಬ್ಬರು ಗಾಡಿಯ ಮರೆಯಲ್ಲಿ ವಾಂತಿ ಮಾಡಿದರು.

ಪೇಟೆಯ ಕಲಾಯಿಯವನ ಹತ್ತಿರ ಅತ್ತೆಯ ಜೊತೆ ನಾನೂ ಹೋದೆ. ಅವನು ಬೆಂಕಿ ಊದುವ ತಿದಿಯನ್ನು ಗೂಟಕ್ಕೆ ನೇತುಹಾಕಿ ಸುಮ್ಮನೆ ಕೂತಿದ್ದ.

“ತವರ ಎಲ್ಲಿಂದ ತರ್ಲಮ್ಮಾ? ಎಲ್ಲಾ ಯುದ್ಧಕ್ಕೆ ಓಯ್ತು.”

“ಚೂರೇ ಚೂರು ಇದ್ರೆ ಸಾಕಪ್ಪಾ, ತಳಕ್ಕಾದ್ರೂ ಆಕ್ಕೊಡು.”

“ತಳಕ್ಕಾಕಿದ್ರೆ ಟೀ ತಳದಾಗೇ ನಿಂತ್ಕಂತದೇನಮ್ಮಾ?” ಎಂದ ಅವನು, ಬೇಸರದಿಂದಲೇ.

ಹೊಸ ಪಾತ್ರೆ ಕೊಳ್ಳುವ ಮಾತೇ ಇರಲಿಲ್ಲ. ಅತ್ತೆ ಮಣ್ಣಿನ ಮಡಕೆಯಲ್ಲಿ ಕಾಯಿಸಿ ನೋಡಿದರು. ಟೀ ಚೆನ್ನಾಗಿಯೇ ಇತ್ತು, ನಾನೇ ಕುಡಿದಿದ್ದೇನೆ. ಆದರೆ ವಾಂತಿಯ ಸುದ್ದಿ ಅಷ್ಟರಲ್ಲಿ ಕಾಮಸಮುದ್ರದವರೆಗೂ ಹೋಗಿತ್ತು. ಗಾಡಿಯವರು ದೂರದಲ್ಲೇ ಎತ್ತು ಬಿಚ್ಚಿ, ನಮ್ಮ ಕಡೆ ನೋಡದೆ ಇನ್ನೊಂದು ಅಂಗಡಿಗೆ ನಡೆಯುತ್ತಿದ್ದರು. ಅತ್ತೆ ಸಂಜೆವರೆಗೆ ಕೂತು, ಒಡೆದುಹೋಗಿ ಹೆಪ್ಪು ಹಾಕಲೂ ಆಗದ ಹಾಲನ್ನು ಚೆಲ್ಲಿ ಬರುತ್ತಿದ್ದರು. ಮನೆಯಲ್ಲಿ ರಾಗಿ ಮುಗಿಯುತ್ತ ಬಂತು.

ಊಟದ ಹೊತ್ತಿನಲ್ಲಿ ನಮ್ಮ ಯಜಮಾನರು ತಲೆ ಎತ್ತದೆ ಹೇಳಿದರು: “ಗಣೀಗೆ ಆಳು ತಗಂತಾವ್ರಂತೆ. ನಾ ಓಯ್ತೀನಿ.”

ಮಾವ ಗೋಡೆಯ ಬಳಿಯಿಂದ, ಒಂದೊಂದೇ ಮಾತಿಗೆ ನಿಂತು ನಿಂತು ಹೇಳಿದರು: “ಲೋ, ಈ ಉಸ್ರು ಕೇಳ್ಲಾ. ಕೇಳಿಸ್ಕಂಡು ಆಮ್ಯಾಕೆ ಓಗು.”

“ಕೇಳ್ಕಂಡೇ ಬೆಳ್ದಿದ್ದೀನಪ್ಪಾ.”

ಅತ್ತೆ ಮಗನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, ತಮ್ಮ ತಟ್ಟೆಯನ್ನು ಕವುಚಿಟ್ಟರು.

ಮಾವ ಆ ಚಳಿಗಾಲ ದಾಟಲಿಲ್ಲ. ನಮ್ಮ ಯಜಮಾನರು ಬೆಳಗಿನ ರೈಲಿಗೆ ಗಣಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು, ಕಿವಿಯ ಸುರುಳಿಯಲ್ಲೆಲ್ಲ ಬೂದುಬಣ್ಣದ ಧೂಳು. ಕೆಲವು ವರ್ಷಗಳ ಮೇಲೆ ಒಂದು ಮುಂಜಾನೆ ಮುಖ ತೊಳೆಯುತ್ತಿದ್ದವರು ಕೆಮ್ಮತೊಡಗಿದರು. ಕೆಮ್ಮು ಬೇಗ ನಿಲ್ಲಲಿಲ್ಲ. ಒಲೆಯ ಮುಂದಿದ್ದ ಅತ್ತೆ ನನ್ನ ಮುಖ ನೋಡಿದರು.

“ಒಗೆಗೆ ಕಣೇ, ಸೌದೆ ಅಸಿ ಐತೆ” ಎಂದು, ಚೆನ್ನಾಗಿ ಉರಿಯುತ್ತಿದ್ದ ಕೊಳ್ಳಿಗಳನ್ನು ಒಂದೊಂದಾಗಿ ಹೊರಗೆಳೆದು, ನೀರು ಚಿಮುಕಿಸಿ ಹೊಗೆ ಎಬ್ಬಿಸಿದರು.