ಕಚ್ಚಿನೊಳಗಿನ ಗುಲಾಬಿ ಚುಕ್ಕೆ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಯಾರು ಏನು ಕೇಳಿದರೂ "ಗ್ಯಾರಂಟಿ ನಂದು, ತಗೊಂಡ್ಹೋಗಿ" ಅನ್ನುತ್ತಿದ್ದ. ಅದಕ್ಕೇ ಗ್ಯಾರಂಟಿ ಅಣ್ಣ. ಅವನನ್ನು ಮದುವೆಯಾಗಿ ಬಂದವಳು ಗ್ಯಾರಂಟಿ ಅತ್ತಿಗೆ ಆದಳು. ಕಂಪ್ಯೂಟರಿನ ಬಿಡಿಭಾಗ ಮಾರುವ ಅಂಗಡಿ. ಮುಂದೆ ಕೌಂಟರು, ಹಿಂದೆ ಪರದೆ. ಪರದೆಯ ಹಿಂದೆ ಒಂದು ಮೇಜು, ಒಂದು ದೀಪ, ಒಂದು ಸ್ಟೂಲು. ಹದಿನಾಲ್ಕು ವರ್ಷ ಅವಳು ಆ ಸ್ಟೂಲಿನ ಮೇಲೆ ಕೂತಿದ್ದಳು.

ಅವಳ ಕೆಲಸ ಹಳೆಯದನ್ನು ಹೊಸದು ಮಾಡುವುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಪ್ರೊಸೆಸರಿನ ಒಳಗೆ ಏನಿದೆಯೋ ಗೊತ್ತಿರಲಿಲ್ಲ. ಹೊರಗೆ ಏನಿದೆ ಎಂಬುದು ಅವಳಷ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅಂಗೈಯ ಕುಳಿಯಲ್ಲಿ ಕೂರುವಷ್ಟು ಚೌಕ. ಮೇಲೆ ಲೋಹದ ಮುಚ್ಚಳ, ಮುಚ್ಚಳದ ಮೇಲೆ ಕೆತ್ತಿದ ನಂಬರು. ಕೆಳಗೆ ಸಾಲುಸಾಲು ಚಿನ್ನದ ಬಣ್ಣದ ಚುಕ್ಕೆ. ಅಂಚಿನಲ್ಲಿ ಉಗುರು ಒತ್ತಿದಂಥ ಸಣ್ಣ ಕಚ್ಚು. ಕಂಪ್ಯೂಟರಿನ ತಲೆ ಅದೇ, ಯೋಚನೆಯೆಲ್ಲ ಅದರದ್ದೇ ಎಂದು ಮೊದಲ ದಿನ ಗಂಡ ಹೇಳಿಕೊಟ್ಟಿದ್ದ.

"ಹಾಗಾದ್ರೆ ನೀವೂ ಒಂದು ಹಾಕಿಸ್ಕೊಳ್ಳಿ," ಅಂದಿದ್ದಳು ಅವಳು.

ಕಚೇರಿಗಳು ಎಸೆದ ಯಂತ್ರಗಳಿಂದ ಬಿಚ್ಚಿದವು ಬಿಸ್ಕತ್ತಿನ ಡಬ್ಬಿ ತುಂಬಿಕೊಂಡು ಬರುತ್ತಿದ್ದವು. ಫ್ಯಾನು ಕೂರಿಸುವಾಗ ಹಚ್ಚಿದ ಬೂದು ಪೇಸ್ಟು ಮುಚ್ಚಳದ ಮೇಲೆ ಒಣಗಿರುತ್ತಿತ್ತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಅದನ್ನು ಒರೆಸಬೇಕು. ಅಂಚಿನ ಸಂದಿಯದನ್ನು ಸೂಜಿಯಿಂದ ಕೆರೆಯಬೇಕು. ಒಮ್ಮೆ ಯಂತ್ರದಲ್ಲಿ ಕೂತೆದ್ದರೆ ಕೆಳಗಿನ ಚಿನ್ನದ ಮೇಲೆ ಸೂಜಿಮೊನೆಯಷ್ಟು ತರಚು ಉಳಿಯುತ್ತದೆ. ಅದಕ್ಕೆ ಮಕ್ಕಳ ರಬ್ಬರು. ಜೋರಾಗಿ ಉಜ್ಜಿದರೆ ಚಿನ್ನವೇ ಹೋಗುತ್ತದೆ, ಮೆಲ್ಲಗೆ ಉಜ್ಜಿದರೆ ತರಚು ಹೋಗದು. ಆ ಹದ ಅವಳ ಹೆಬ್ಬೆರಳಿಗೆ ಗೊತ್ತಿತ್ತು.

ಆಮೇಲಿನದು ಗಂಡನ ಕೆಲಸ. ಬೇರೆ ಹೊಸ ಪ್ರೊಸೆಸರುಗಳು ಬಂದು ಖಾಲಿಯಾದ ಡಬ್ಬಿಗಳನ್ನು ಹರಿಯದಂತೆ ಬಿಡಿಸಿ ಇಟ್ಟುಕೊಂಡಿರುತ್ತಿದ್ದ. ಅದರೊಳಗೆ ಇದನ್ನು ಕೂರಿಸಿ ಸೀಲು ಅಂಟಿಸುತ್ತಿದ್ದ. ಡಬ್ಬಿಯ ಮೇಲಿನ ನಂಬರು ಒಂದು, ಒಳಗಿನದರ ನಂಬರು ಇನ್ನೊಂದು. ಯಾರೂ ತಾಳೆ ನೋಡುತ್ತಿರಲಿಲ್ಲ. ಪೇಸ್ಟು ಹಚ್ಚಿ ಫ್ಯಾನು ಕೂರಿಸಿದ ಮೇಲೆ ನಂಬರು ಯಾರಿಗೂ ಕಾಣುವುದಿಲ್ಲ.

"ಇದೇನು ಚಪ್ಪಲಿನಾ ಸವೆಯೋಕೆ? ಹತ್ತು ವರ್ಷ ಓಡಿದ್ರೂ ಹೊಸದೇ," ಅನ್ನುತ್ತಿದ್ದ.

"ಹೊಸದೇ ಆದ್ರೆ ನನ್ನ ಕೈಲಿ ಯಾಕೆ ಉಜ್ಜಿಸ್ತೀರಿ?"

ಅವನು ನಕ್ಕ. ಅವಳೂ ನಕ್ಕಳು. ಮತ್ತೆ ಕೇಳಲಿಲ್ಲ.

ಒಮ್ಮೆ ಅವಳು ತೊಳೆದದ್ದೂ ನಿಜವಾದ ಹೊಸದೂ ಮೇಜಿನ ಮೇಲೆ ಬೆರೆತುಹೋದವು. ಯಾವುದು ಯಾವುದೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ಬೈಯಲಿಲ್ಲ. "ನಿಂದು ಕೈಯಲ್ಲ ಕಣೇ, ಮಂತ್ರದಂಡ," ಎಂದು ಹಿಗ್ಗಿದ. ಅವಳು ಅವತ್ತು ಇಡೀ ದಿನ ಹಿಗ್ಗಿಕೊಂಡೇ ಇದ್ದಳು. ಅಂದಿನಿಂದ ತಾನು ತೊಳೆದದ್ದಕ್ಕೆಲ್ಲ ಅಂಚಿನ ಕಚ್ಚಿನೊಳಗೆ ಉಗುರುಬಣ್ಣದ ಒಂದು ಗುಲಾಬಿ ಚುಕ್ಕೆ ಇಟ್ಟಳು, ಸಾಸಿವೆಗಿಂತ ಸಣ್ಣದು. ಆ ಬಾಟಲಿ ಅವನೇ ಆಸೆಪಟ್ಟು ತಂದುಕೊಟ್ಟದ್ದು. ದಿನವೂ ಸ್ಪಿರಿಟ್ಟಿಗೆ ಬೀಳುವ ಉಗುರಿಗೆ ಬಣ್ಣ ನಿಲ್ಲುವುದಿಲ್ಲವೆಂದು ಹಾಗೇ ಇಟ್ಟಿದ್ದಳು.

ಎರಡು ಬೀದಿ ಆಚೆ ಒಂದು ಫೋಟೋ ಸ್ಟುಡಿಯೋ. ಅಲ್ಲಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಕಡ್ಡಿ. ಐವತ್ತು ದಾಟಿದವನು, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದ. ಸ್ಟುಡಿಯೋ ಯಜಮಾನ ಗ್ಯಾರಂಟಿ ಅಣ್ಣನ ಹತ್ತಿರ ಒಂದು ಪ್ರೊಸೆಸರು ಕೊಂಡುಕೊಂಡ. ಕಡ್ಡಿ ಅದನ್ನು ಒಬ್ಬನೇ ಕೂತು ಯಂತ್ರಕ್ಕೆ ಹಾಕಿದ. ಒಂದು ವರ್ಷ ಕಳೆದ ಮೇಲೆ ಯಜಮಾನನ ಭಾವಮೈದುನ ಊರಿನಿಂದ ಬಂದ. ಧೂಳು ತೆಗೆಯುತ್ತೇನೆಂದು ಯಂತ್ರ ಬಿಚ್ಚಿದವನು ಪೇಸ್ಟನ್ನೂ ಒರೆಸಿ ನಂಬರು ಓದಿದ. ಡಬ್ಬಿಯ ನಂಬರೇ ಬೇರೆ. ಕಂಪನಿಗೆ ಕೇಳಿದರೆ, ಒಳಗಿರುವುದು ಆರು ವರ್ಷದ ಹಿಂದೆಯೇ ಯಾರಿಗೋ ಮಾರಿದ್ದು ಅಂದರು.

ಯಜಮಾನ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದ. ಹಿಂದೆ ಕಡ್ಡಿ. ಪರದೆಯ ಹಿಂದೆ ಅವಳು ರಬ್ಬರು ಹಿಡಿದುಕೊಂಡು ಕೂತಿದ್ದಳು.

"ನೀನು ಕೊಟ್ಟಿದ್ದು ಹೊಸದೇ ತಾನೇ?" ಯಜಮಾನನ ದನಿ.

"ಸೀಲು ನಿಮ್ಮ ಕಣ್ಣೆದುರಿಗೇ ಇತ್ತಲ್ಲ ಸರ್. ಇಲ್ಲಿಂದ ಹೋಗೋವರೆಗೆ ಗ್ಯಾರಂಟಿ ನಂದು. ಆಮೇಲೆ ಯಾರು ಬಿಚ್ಚಿದ್ರೋ, ಏನು ಹಾಕಿದ್ರೋ, ನಂಗೆ ಹೇಗೆ ಗೊತ್ತಾಗಬೇಕು?"

ಅವನು ಕಡ್ಡಿಯ ಹೆಸರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

"ಅಣ್ಣಾ, ನಾನು ಬದಲಾಯಿಸಿಲ್ಲ," ಎಂದ ಕಡ್ಡಿ. ಎರಡು ಸಲ ಅಂದ.

ಪರದೆ ಸರಿಸುವುದಕ್ಕೆ ಎದ್ದು ನಿಲ್ಲಬೇಕಾಗಿಯೂ ಇರಲಿಲ್ಲ. ಕೂತಲ್ಲಿಂದಲೇ ಕೈ ಎಟುಕುತ್ತಿತ್ತು. ಅವಳು ಕೈ ಚಾಚಲಿಲ್ಲ. ಅವರು ಹೋದ ಮೇಲೆ ರಬ್ಬರು ಮತ್ತೆ ಆಡಿತು.

ಕಡ್ಡಿಯ ಕೆಲಸ ಹೋಯಿತು. ಅದರ ಮಾರನೇ ವಾರದಿಂದ ಗ್ಯಾರಂಟಿ ಅಣ್ಣ ಅವನನ್ನು ಕರೆಕರೆದು ಚಹಾ ಕುಡಿಸತೊಡಗಿದ. ಸಣ್ಣಪುಟ್ಟ ರಿಪೇರಿ ಕೊಟ್ಟ. "ನೀನು ಕದ್ದಿಲ್ಲ ಬಿಡು, ನಂಗೊತ್ತು," ಎಂದು ಎಲ್ಲರೆದುರು ಬೆನ್ನು ತಟ್ಟಿದ. ಕಡ್ಡಿಯ ಕಣ್ಣು ತುಂಬಿತು.

"ಅವನಿಗೆ ಹೇಳಿಬಿಡೋಣ ರೀ," ಎಂದು ಒಂದೇ ಸಲ ಕೇಳಿದಳು.

"ಏನಂತ? ಅಂಗಡಿ ಬಾಗಿಲು ಹಾಕ್ಕೊಂಡು ಹೇಳೋಣ್ವಾ?" ಎಂದ. ಮುಖ ನೋಡಿ ಹೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಕೌಂಟರಿಗೆ ಒರಗಿದ್ದ ಗಂಡ ಹಾಗೇ ಕುಸಿದ. ಪರದೆ ಸರಿಸಿಕೊಂಡು ಓಡಿದಳು. ಈ ಸಲ ಸರಿಸಿದಳು. ಅವನು ಆಗಲೇ ಹೋಗಿಯಾಗಿತ್ತು.

ಅವನ ಚಪ್ಪಲಿ ಎರಡು ತಿಂಗಳು ಕೌಂಟರಿನ ಕೆಳಗೇ ಇತ್ತು. ಅವನಿಲ್ಲದೆ ಅವಳಿಗೆ ಮನೆಯಲ್ಲಿ ದಿಕ್ಕು ತೋಚುತ್ತಿರಲಿಲ್ಲ, ಅಂಗಡಿಯಲ್ಲೂ ತೋಚುತ್ತಿರಲಿಲ್ಲ. ನೆನೆದು ಅಳೋಣವೆಂದು ಕೂತರೆ, "ನಾನು ಬದಲಾಯಿಸಿಲ್ಲ" ಅನ್ನುವ ದನಿ ಅಡ್ಡ ಬರುತ್ತಿತ್ತು. ಅಳು ಅಲ್ಲಿಗೇ ನಿಲ್ಲುತ್ತಿತ್ತು. ಗಂಡ ಸತ್ತರೆ ಅಳುವುದಕ್ಕೂ ಆಗದಂತೆ ಮಾಡಿ ಹೋದನಲ್ಲ ಎಂದು ಅವನ ಮೇಲೇ ಸಿಟ್ಟು ಬರುತ್ತಿತ್ತು. ಉಜ್ಜಿದ ಕೈ ತನ್ನದು ಎನ್ನುವುದು ಅದರ ಹಿಂದೆಯೇ ಬರುತ್ತಿತ್ತು.

ಅವಳು ಅಂಗಡಿಯ ಸಾಮಾನು ಖಾಲಿ ಮಾಡುತ್ತಿದ್ದಾಗ ಕಡ್ಡಿ ಬಂದ. ಬಾಗಿಲಲ್ಲೇ ನಿಂತ.

"ಬಾ, ಕೂತ್ಕೋ."

"ಇಲ್ಲ ಅತ್ತಿಗೆ. ಒಂದು ಮಾತು ಕೇಳೋಕೆ ಬಂದೆ. ಸರ್ವಿಸ್ ಸೆಂಟರಲ್ಲಿ ಕೆಲಸ ಕೊಡ್ತೀವಿ ಅಂದಿದ್ರು. ಸ್ಟುಡಿಯೋಗೆ ಫೋನ್ ಮಾಡಿ ವಿಚಾರಿಸಿದಾರೆ. ಯಜಮಾನ್ರು ಕಳ್ಳ ಅಂದಿದಾರೆ." ಸ್ವಲ್ಪ ನಕ್ಕ. "ಇಷ್ಟು ಸಣ್ಣಗಿದೀನಿ, ಕಳ್ಳ ಆಗಿದ್ರೆ ಕಿಟಕಿ ಕಂಬಿಲೇ ನುಗ್ತಿದ್ದೆ. ಯಾರೂ ನಂಬಲ್ಲ."

"ನಾನೇನು ಮಾಡ್ಲಿ?"

"ಅಣ್ಣ ನನ್ನನ್ನ ನಂಬಿದ್ರು ಅಂತ ಸೆಂಟರಿನವರಿಗೊಂದು ಮಾತು ಹೇಳಿ. ಈ ಬೀದಿಲಿ ನನ್ನನ್ನ ನಂಬಿದ್ದು ಅವರೊಬ್ಬರೇ. ಗ್ಯಾರಂಟಿ ಅಣ್ಣನ ಮಾತು ಅಂದ್ರೆ ತೂಕ ಇರುತ್ತೆ."

ಅವಳು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. ಹೇಳಿದರೆ ಗಂಡನ ಹೆಸರು ಬೀದಿಗೆ ಬೀಳುತ್ತದೆ. ಸತ್ತವನಿಗೆ ಎದ್ದು ಬಂದು ಉತ್ತರ ಕೊಡುವುದಕ್ಕಾಗುವುದಿಲ್ಲ. ಹೇಳದಿದ್ದರೆ ಇವನು ಸಾಯುವತನಕ ಕಳ್ಳ.

"ಸ್ಕ್ರೂಡ್ರೈವರ್ ಇದೆಯಾ?" ಕೇಳಿದಳು.

"ಯಾವಾಗಲೂ ಇರುತ್ತೆ."

"ನಡಿ. ಸ್ಟುಡಿಯೋಗೆ."

ಯಜಮಾನನ ಮುಂದೆ ಅವಳಿಗೆ ಬಳಸಿ ಮಾತಾಡಲು ಬರಲಿಲ್ಲ.

"ಆ ಪ್ರೊಸೆಸರು ಇನ್ನೂ ಇದೆಯಾ?"

"ಇದೆ. ಚೆನ್ನಾಗೇ ಓಡ್ತಿದೆ. ಯಾಕಮ್ಮ?"

"ಹೊರಗೆ ತೆಗೆಸಿ. ಅಂಚಲ್ಲಿ ಒಂದು ಕಚ್ಚು ಇರುತ್ತೆ. ಅದರೊಳಗೆ ಗುಲಾಬಿ ಉಗುರುಬಣ್ಣದ ಚುಕ್ಕೆ ಇದ್ರೆ ಅದು ನಮ್ಮ ಅಂಗಡಿಯಿಂದಲೇ ಹಳೇದಾಗಿ ಬಂದದ್ದು. ಆ ಚುಕ್ಕೆ ಇಟ್ಟಿದ್ದು ನಾನು."

ಯಜಮಾನ ಕಡ್ಡಿಯನ್ನು ನೋಡಿದ. ಕಡ್ಡಿ ಅವಳನ್ನು ನೋಡಿದ. ಆಮೇಲೆ ಯಂತ್ರದ ಮುಂದೆ ಕೂತು ಬಿಚ್ಚತೊಡಗಿದ. ಫ್ಯಾನು ಎತ್ತಿದ, ಕೊಂಡಿ ಬಿಡಿಸಿದ, ಎರಡು ಬೆರಳಲ್ಲಿ ಅಂಚು ಹಿಡಿದು ಪ್ರೊಸೆಸರನ್ನು ಕಿಟಕಿಯ ಬೆಳಕಿಗೆ ಒಡ್ಡಿದ. ಚುಕ್ಕೆ ಹಾಗೇ ಇತ್ತು. ಬಣ್ಣವೂ ಮಾಸಿರಲಿಲ್ಲ.

"ಅವತ್ತು ಹಾಕುವಾಗಲೇ ನೋಡಿದ್ದೆ," ಎಂದ ಕಡ್ಡಿ ಮೆಲ್ಲಗೆ. "ಕಂಪನಿಯವರ ಗುರುತು ಅಂದ್ಕೊಂಡೆ."

ಯಜಮಾನ ಕುರ್ಚಿ ಎಳೆದುಕೊಂಡು ಕೂತ. "ನಾಳೆಯಿಂದ ಬಾರಯ್ಯ," ಎಂದ.

"ಬೇಡ ಸರ್. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಈಗಲೇ ಮಾಡಿ, ನಾನು ಕೇಳಿಸ್ಕೋಬೇಕು."

ಯಜಮಾನ ಫೋನು ಮಾಡಿದ. ತಪ್ಪು ನನ್ನದು ಅಂದ, ಮನುಷ್ಯ ಒಳ್ಳೆಯವನು ಅಂದ. ಅಷ್ಟರಲ್ಲಿ ಕಡ್ಡಿ ಹಳೇ ಪೇಸ್ಟು ಒರೆಸಿ ಹೊಸದು ಹಚ್ಚಿ, ಫ್ಯಾನು ಕೂರಿಸಿ, ಯಂತ್ರ ಶುರು ಮಾಡಿ ಕೊಟ್ಟ.

ಹೊರಗೆ ಬಂದ ಮೇಲೆ ಅವಳು ನಿಂತಳು. ಅವನೂ ನಿಂತ.

"ಬೈದುಬಿಡು," ಅಂದಳು.

"ಅಣ್ಣ ಚಹಾ ಕುಡಿಸ್ತಿದ್ರಲ್ಲ ಅತ್ತಿಗೆ, ದಿನಾ. ನೀವೇ ಮಾಡಿ ಕಳಿಸ್ತಿದ್ರಿ. ಅದು ಇದಕ್ಕಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಅವರೊಬ್ಬರಾದ್ರೂ ನಂಬಿದಾರೆ ಅಂತ ನಾನು ಆ ರೋಡಲ್ಲಿ ತಲೆ ಎತ್ಕೊಂಡು ಓಡಾಡ್ತಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸುತ್ತ ಕೇಳಿದ: "ಇಂಥವು ಎಷ್ಟು ಹೋಗಿವೆ?"

"ಗೊತ್ತಿಲ್ಲ."

"ಅಂದಾಜಿಗೆ ಹೇಳಿ. ನನ್ನ ಹಾಗೆ ಇನ್ನೆಷ್ಟು ಜನ ಬೈಸ್ಕೊಂಡ್ರೋ."

ಅವಳು ಕೈಚೀಲದಲ್ಲಿ ತಡಕಾಡಿದಳು. ಅಂಗಡಿ ಖಾಲಿ ಮಾಡುವಾಗ ಎಸೆಯಲು ಮನಸ್ಸು ಬರದೆ ಅದರೊಳಗೆ ಹಾಕಿಕೊಂಡದ್ದು ಸಿಕ್ಕಿತು. ಹೊರಗೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಒಂದು ದಿನವೂ ಉಗುರಿಗೆ ಹಚ್ಚದ ಬಾಟಲಿ. ಕಡ್ಡಿ ಅದನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿದ. ಬಣ್ಣ ತಳದಲ್ಲಿ ಒಂದು ಗೆರೆಯಷ್ಟು ಉಳಿದಿತ್ತು.

ಅವನು ಬಾಟಲಿಯನ್ನು ಅವಳ ಕೈಗೇ ವಾಪಸು ಕೊಟ್ಟು ರಸ್ತೆ ದಾಟಿ ಹೋದ.