ಕ್ರಾಸಿನಿಂದ ಒಳಗಿನ ದಾರಿ

"ಇಳೀರಿ ಮೇಡಂ, ನಿಮ್ಮ ಲ್ಯಾಬ್ ಬಂತು" ಎಂದ ಕಂಡಕ್ಟರ್. ಇಳಿದು ನೋಡಿದರೆ ಲ್ಯಾಬೂ ಇಲ್ಲ, ಊರೂ ಇಲ್ಲ. ಒಂದು ಬೇವಿನ ಮರ, ಒಂದು ಸೈಕಲ್ ಶಾಪು, ಚೀನಾಕ್ಕೆ ಹೊರಟ ಅದಿರಿನ ಲಾರಿಗಳ ಸಾಲು, ಕಣ್ಣು ಮೂಗಿಗೆಲ್ಲ ಕೆಂಪು ಧೂಳು. ಅದಿರು ಪರೀಕ್ಷಿಸುವ ನಮ್ಮ ಲ್ಯಾಬು ಇನ್ನೂ ಮೂರು ಮೈಲಿ ಒಳಗಂತೆ. ನಮ್ಮ ಮೈಸೂರಿನಲ್ಲಿ ಬಸ್ಸಿಳಿದರೆ ಮನೆ ಬಂತೆಂದೇ ಲೆಕ್ಕ. ಹೊಸಪೇಟೆ ಸಂಡೂರಿನ ಈ ಕಡೆ 'ಕ್ರಾಸ್' ಎಂದರೆ ಬಸ್ಸು ನಮ್ಮ ಕೈಬಿಡುವ ಜಾಗ.

ಮೊದಲ ವಾರವೆಲ್ಲ ನಡೆದೇ ಹೋದೆ, ದಿನವೂ ತಡ. "ಹಿಂಗಾದ್ರ ಕೆಲ್ಸ ಕಾಯಂ ಮಾಡೋದು ಕಷ್ಟ ಐತ್ರಿ" ಎಂದರು ಮ್ಯಾನೇಜರು. ಕ್ರಾಸಿನಲ್ಲಿ ನಿಂತವರನ್ನು ಸ್ಕೂಟರಿನವರು ಕರೆದು ಹತ್ತಿಸಿಕೊಳ್ಳುವುದು ಇಲ್ಲಿಯ ರೂಢಿ. ಗುರುತಿಲ್ಲದವರ ಹಿಂದೆ ಕೂರಲು ನನಗೆ ಧೈರ್ಯ ಸಾಲದು. ಹಾಗೆಂದು ಕೆಲಸ ಕಳೆದುಕೊಂಡು ಸೋತ ಮುಖದಲ್ಲಿ ಮನೆಯವರೆದುರು ಹೋಗಿ ನಿಲ್ಲುವುದಂತೂ ಸುತರಾಂ ಬೇಡವಾಗಿತ್ತು.

ಸೈಕಲ್ ಶಾಪಿನ ಹುಸೇನಣ್ಣನ ಹತ್ತಿರ ಬಾಡಿಗೆಗೆ ಕೇಳಿದೆ. "ಮುಂಜಾನೆ ಒಳಗ ಒಯ್ದ್ರ ಸಂಜಿತನ ಅಲ್ಲೇ ನಿಂದರ್ತದ. ನನಗ ಪೂರೈಸಂಗಿಲ್ರಿ" ಎಂದ.

ಆಗ ತಲೆ ಓಡಿತು. ನಾವು ಒಳಗೆ ಹೋಗುವ ಹೊತ್ತಿಗೇ ರಾತ್ರಿಪಾಳಿಯವರು ಕಾಲೆಳೆಯುತ್ತ ಹೊರಗೆ ಬರುತ್ತಾರಲ್ಲ! "ಬೆಳಿಗ್ಗೆ ನಾವು ಒಯ್ತೀವಿ, ಅವರು ತರ್ತಾರೆ. ಸಂಜೆ ಅವರು ಒಯ್ಯಲಿ, ನಾವು ತರ್ತೀವಿ. ಸೈಕಲ್ ನಿಲ್ಲೋದೇ ಇಲ್ಲ" ಎಂದೆ. ಅವನು ಅನುಮಾನದಿಂದ ನೋಡಿದ. ಲ್ಯಾಬಿನ ನನ್ನ ಜೊತೆಗಾತಿ ಗಂಗಮ್ಮ, "ನಾ ಅದೀನಿ, ಕೊಡಣ್ಣ" ಎಂದಳು.

ಮೊದಲ ದಿನವೇ ಎಡವಟ್ಟು. ಮೈಸೂರಿನ ಅಭ್ಯಾಸ ನೋಡಿ, ಗೇಟಿನ ಬಳಿ ಬೀಗ ಜಡಿದು ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡೆ. ರಾತ್ರಿಪಾಳಿಯ ಇಬ್ಬರು ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ಕ್ರಾಸಿಗೆ ಮುಟ್ಟಿಸಿದ್ದರು! "ಎಲ್ಲಾರ ಗಾಡಿಗೆ ಕೀಲಿ ಯಾಕ್ರೀ ಅಕ್ಕಾರ?" ಎಂದು ಹುಸೇನಣ್ಣ ಬಿದ್ದು ಬಿದ್ದು ನಕ್ಕ.

ಒಂದು ಬೆಳಿಗ್ಗೆ ಲಾರಿಗಳು ಜಾಮಾಗಿ ನಿಂತಿದ್ದವು, ನಡುವೆ ಮ್ಯಾನೇಜರ ಜೀಪು. ನಾವಿಬ್ಬರೂ ಬೆಲ್ ಹೊಡೆಯುತ್ತ ಪಕ್ಕದಲ್ಲೇ ಹಾದೆವು. "ಏ, ನಿಂದರ್ರೀ!" ಎಂದು ಕೂಗಿದ ಅವರು ಜೀಪಿಳಿದು ಓಡಿಬಂದು ಗಂಗಮ್ಮನ ಕ್ಯಾರಿಯರ್ ಮೇಲೆ ಕೂತರು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಆ ತಿಂಗಳೇ ಕೆಲಸ ಕಾಯಂ ಆಯಿತು, ಹುಸೇನಣ್ಣ ಇನ್ನಷ್ಟು ಸೈಕಲ್ ತರಿಸಿದ.

ದೀಪಾವಳಿಗೆ ಮೈಸೂರಿಗೆ ಹೋಗಿದ್ದೆ. ನಮ್ಮಣ್ಣ ಮನೆಯ ಹತ್ತಿರವೇ ಒಂದು ಕೆಲಸ ನೋಡಿಟ್ಟಿದ್ದ, ಬೇಡವೆಂದೆ. ಇನ್ನೆರಡು ದಿನ ಇದ್ದು ಹೋಗು ಎಂದಳು ಅಮ್ಮ.

"ಇಲ್ಲಮ್ಮ, ಊರಿಗೆ ಹೋಗ್ಬೇಕು."

ಅಮ್ಮ ಹೋಳಿಗೆ ತಟ್ಟುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಹಾಗಾದ್ರೆ ಇದು ಯಾವೂರೇ?"